ವಾರ್ಡ್‌ವಾರು ಲೆಕ್ಕ ಫೈಲ್‌ಗೆ ಇಳಿಸೋಕೆ ಆರ್: ಯಾವ ಪ್ಯಾಕೇಜ್ ಇಟ್ಟುಕೊಂಡೆ, ಯಾವುದನ್ನು ಬಿಟ್ಟೆ

ನಾನು ಕೆಲಸ ಮಾಡುವುದು ಮುಂಬೈಯ ಒಂದು ಸಣ್ಣ ಸಮೀಕ್ಷೆ ಕಚೇರಿಯಲ್ಲಿ. ಮನೆ ಬಾಡಿಗೆ, ಡಿಪಾಸಿಟ್, ನೀರಿನ ಖರ್ಚು, ಓಡಾಟದ ಖರ್ಚು ಇವನ್ನೆಲ್ಲ ನಮ್ಮ ಹುಡುಗರು ಮನೆ ಮನೆಗೆ ಹೋಗಿ ಟ್ಯಾಬ್‌ನಲ್ಲಿ ತುಂಬಿಕೊಂಡು ಬರುತ್ತಾರೆ. ಅದನ್ನು ವಾರ್ಡ್‌ವಾರು ಗುಂಪು ಮಾಡಿ, ಸರಾಸರಿ, ಮೀಡಿಯನ್ (ನಟ್ಟನಡುವಿನ ಬೆಲೆ), ಎಸ್‌ಡಿ (ಸರಾಸರಿಯಿಂದ ಎಷ್ಟು ಚದುರಿದೆ ಎಂಬ ಅಳತೆ) ತೆಗೆದು, ಫೈಲ್ ಮಾಡಿ ಕಳಿಸೋದು ನನ್ನ ಪಾಲಿನ ಕೆಲಸ. ಬಳಸೋದು ಆರ್ ಭಾಷೆ, ಅಂಕಿಅಂಶದ ಲೆಕ್ಕಕ್ಕೆಂದೇ ಇರುವ ಪ್ರೋಗ್ರಾಮಿಂಗ್ ಭಾಷೆ. ನ್ಯೂಜಿಲೆಂಡ್‌ನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಶುರು ಮಾಡಿದ್ದು. 1.0.0 ಆವೃತ್ತಿ ಬಂದದ್ದು 2000ದ ಫೆಬ್ರವರಿ 29ಕ್ಕೆ. ಪುಕ್ಕಟೆ ಸಿಗುತ್ತದೆ. ನಮ್ಮಂಥ ಕಚೇರಿಗೆ ಮೊದಲ ಕಾರಣವೇ ಅದು, ಸುಮ್ನೆ ಯಾಕೆ ದೊಡ್ಡ ಮಾತು.

ಆರ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಲೆಕ್ಕ ಹೇಗೆ ಮಾಡೋದು ಅಂತ ಬರೆದು ನಿಲ್ಲಿಸುತ್ತಾರೆ. ಪರದೆ ಮೇಲೆ ಉತ್ತರ ಬಂತು, ಮುಗಿಯಿತು. ಆದರೆ ನನ್ನ ಪರದೆಯನ್ನು ನನ್ನ ಬಿಟ್ಟು ಯಾರೂ ನೋಡೋದಿಲ್ಲ. ಬೇರೆಯವರ ಕೈಗೆ ಹೋಗೋದು ಫೈಲ್. ಹಾಗಾಗಿ ನಾನು ಪ್ಯಾಕೇಜ್‌ಗೆ, ಅಂದರೆ ಆರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸಲಕರಣೆಗೆ, ಅಂಕ ಕೊಡೋದು ಒಂದೇ ವಿಷಯ ನೋಡಿ: ಗುಂಪಿನ ಲೆಕ್ಕ ಫೈಲ್‌ಗೆ ಇಳಿದು, ಆ ಫೈಲ್ ಇನ್ನೊಬ್ಬರ ಕಂಪ್ಯೂಟರ್‌ನಲ್ಲಿ ತೆರೆದಾಗ ಏನಾಗಿರುತ್ತದೆ? ಅಡುಗೆ ಚೆನ್ನಾಗಿದ್ದೂ ಪಾರ್ಸೆಲ್ ಸೋರಿದರೆ ಗಿರಾಕಿ ಬೈಯೋದು ಹೋಟೆಲನ್ನೇ ಅಲ್ವಾ?

ನನ್ನ ಫೈಲ್ ತೆರೆಯುವವರು ಮೂರು ಥರದವರು. ಪುಣೆಯ ಗಿರಾಕಿ ಕಚೇರಿಯವರು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡುತ್ತಾರೆ, ಅಷ್ಟೇ. ಪಕ್ಕದ ಮೇಜಿನ ಸೊಲ್ಲಾಪುರದ ಸಹೋದ್ಯೋಗಿ ಪೈಥಾನ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯವನು. ನನ್ನ ಫೈಲನ್ನು ಅವನ ಪ್ರೋಗ್ರಾಂ ಓದುತ್ತದೆ, ಅವನು ಕಣ್ಣಲ್ಲಿ ನೋಡೋದೇ ಇಲ್ಲ. ಮೂರನೆಯವರು ಮಾಟುಂಗದಲ್ಲಿ ಸೇರುವ ನಮ್ಮ ಕನ್ನಡ ಸಂಘದವರು. ಮಕ್ಕಳ ಶುಲ್ಕ ಸಹಾಯದ ಲೆಕ್ಕವನ್ನು ಬಡಾವಣೆವಾರು ಮಾಡಿಕೊಡು ಅಂತ ನನ್ನ ತಲೆಗೆ ಕಟ್ಟಿದ್ದಾರೆ. ಅವರಿಗೆ ಕಾಲಂ ಹೆಸರು ಕನ್ನಡದಲ್ಲೇ ಬೇಕು. ಈ ಮೂವರನ್ನೂ ಒಂದೇ ಸಲಕರಣೆಯಲ್ಲಿ ಸಮಾಧಾನ ಮಾಡೋಕೆ ಆಗೋದಿಲ್ಲ.

ಮೊದಲು ಆರ್ ಜೊತೆಗೇ ಬರುವ ಸಾಮಾನು ನೋಡೋಣ. ಬೇರೆ ಏನೂ ಇಳಿಸಿಕೊಳ್ಳಬೇಕಿಲ್ಲ. ಗುಂಪಿನ ಲೆಕ್ಕಕ್ಕೆ ಟಿ-ಅಪ್ಲೈ, ಅಗ್ರಿಗೇಟ್, ಬೈ ಅಂತ ಮೂರು ಫಂಕ್ಷನ್‌ಗಳಿವೆ, ಅಂದರೆ ಹೆಸರು ಕರೆದರೆ ಕೆಲಸ ಮಾಡಿಕೊಡುವ ತಯಾರಿ ಆಜ್ಞೆಗಳು. ಇದರಲ್ಲಿ 'ಬೈ' ಪರದೆ ಮೇಲೆ ಬಹಳ ಚೆಂದ ಕಾಣುತ್ತದೆ. ಪ್ರತಿ ವಾರ್ಡಿಗೂ ಹೆಸರು, ಕೆಳಗೆ ಲೆಕ್ಕ, ಮಧ್ಯೆ ಒಂದು ಅಡ್ಡಗೆರೆ. ಇದನ್ನು ನೋಡಿದವರಿಗೆ ಹಾಗೇ ಫೈಲ್‌ಗೆ ಹಾಕಿಬಿಡೋಣ ಅನಿಸುತ್ತದೆ. ಆದರೆ ಅದು ಟೇಬಲ್ ಅಲ್ಲ, ಒಳಗೆ ಒಂದು ಥರದ ಲಿಸ್ಟ್. ಸಿಎಸ್‌ವಿಗೆ, ಅಂದರೆ ಕಾಲಂಗಳ ಮಧ್ಯೆ ಅಲ್ಪವಿರಾಮ ಇಟ್ಟ ಸಾದಾ ಅಕ್ಷರದ ಫೈಲ್‌ಗೆ, ನೇರ ಬರೆಯೋಕೆ ಒಗ್ಗೋದಿಲ್ಲ. ಆಗ ಜನ ಹುಡುಕಿಕೊಂಡು ಹೋಗೋದು 'ಸಿಂಕ್' ಎಂಬ ಫಂಕ್ಷನ್‌ಗೆ.

ಸಿಂಕ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಬೇಡ. ಅದು ಮಾಡೋದು ಇಷ್ಟೇ, ಪರದೆಗೆ ಬರಬೇಕಾದ ಅಕ್ಷರಗಳನ್ನು ಫೈಲ್ ಕಡೆ ತಿರುಗಿಸುತ್ತದೆ. ಕೆಲಸ ಮುಗಿದ ಮೇಲೆ ಇನ್ನೊಮ್ಮೆ ಖಾಲಿ ಸಿಂಕ್ ಕರೆದು ಮುಚ್ಚಬೇಕು. ಮಧ್ಯದಲ್ಲಿ ಎರರ್ ಬಂದು ಪ್ರೋಗ್ರಾಂ ನಿಂತರೆ ಮುಚ್ಚೋದು ಆಗೋದೇ ಇಲ್ಲ. ಆಮೇಲೆ ಏನು ಟೈಪ್ ಮಾಡಿದರೂ ಉತ್ತರ ಪರದೆಗೆ ಬರೋದಿಲ್ಲ, ಎಲ್ಲ ಆ ಫೈಲ್‌ಗೇ ಹೋಗುತ್ತಿರುತ್ತದೆ. ಹೊಸಬರು ಆರ್ ಕೆಟ್ಟುಹೋಯಿತು ಅಂತ ಮುಚ್ಚಿ ತೆರೆಯುತ್ತಾರೆ. ಎಲ್ಲ ಸರಿಯಾಗಿ ನಡೆದರೂ ಸಿಗೋದು ಏನು? ಕಣ್ಣಿಗಾಗಿ ಜೋಡಿಸಿದ ಅಕ್ಷರಗಳು. ಪುಣೆಯವರು ಅದನ್ನು ಎಕ್ಸೆಲ್‌ಗೆ ಹಾಕಿದರೆ ಇಡೀ ಸಾಲು ಒಂದೇ ಖಾನೆಯಲ್ಲಿ ಕೂರುತ್ತದೆ. ಪರದೆ ಕಿರಿದಾಗಿದ್ದರೆ ಕಾಲಂಗಳು ಮುರಿದು ಕೆಳಗೆ ಬಂದಿರುತ್ತವೆ, ಫೈಲ್‌ನಲ್ಲೂ ಹಾಗೇ. ಒಂದು ರಿಗ್ರೆಷನ್‌ನ (ಒಂದು ಅಂಕಿ ಇನ್ನೊಂದರ ಜೊತೆ ಹೇಗೆ ಏರಿಳಿಯುತ್ತದೆ ಎಂಬ ಲೆಕ್ಕದ) ಸಾರಾಂಶವನ್ನು ನೆನಪಿಗೆ ಇಟ್ಟುಕೊಳ್ಳೋಕೆ 'ಕ್ಯಾಪ್ಚರ್ ಔಟ್‌ಪುಟ್' ಬಳಸಿ, ಅದು ತಾನೇ ಮುಚ್ಚಿಕೊಳ್ಳುತ್ತದೆ. ಗುಂಪಿನ ಲೆಕ್ಕಕ್ಕೆ ಎರಡೂ ಬೇಡ.

ಅಗ್ರಿಗೇಟ್ ಒಳ್ಳೆಯದು, ಯಾಕಂದ್ರೆ ಅದರ ಉತ್ತರ ನಿಜವಾದ ಡೇಟಾ ಫ್ರೇಮ್, ಅಂದರೆ ಸಾಲು-ಕಾಲಂಗಳ ಟೇಬಲ್. ನೇರವಾಗಿ ಫೈಲ್‌ಗೆ ಬರೆಯಬಹುದು. ಆದರೆ ಅದರಲ್ಲಿ ಒಂದು ಗುಣ ಇದೆ, ಅದನ್ನು ತಿಳಿಯದೆ ಬಳಸಬೇಡಿ. ಬಾಡಿಗೆ ಮತ್ತು ನೀರಿನ ಖರ್ಚು ಎರಡನ್ನೂ ಜೋಡಿಸಿ ವಾರ್ಡ್‌ವಾರು ಸರಾಸರಿ ಕೇಳಿದಿರಿ ಅಂತಿಟ್ಟುಕೊಳ್ಳಿ, ಫಾರ್ಮುಲಾ ಬರೆಯುವ ರೀತಿಯಲ್ಲಿ. ಒಂದು ಮನೆಯವರು ಬಾಡಿಗೆ ಹೇಳಿದ್ದಾರೆ, ನೀರಿನ ಖರ್ಚು ಹೇಳಿಲ್ಲ. ಅಗ್ರಿಗೇಟ್ ಆ ಮನೆಯನ್ನೇ ಪೂರ್ತಿ ಕೈಬಿಡುತ್ತದೆ. ಬಾಡಿಗೆಯ ಸರಾಸರಿಯಲ್ಲೂ ಆ ಮನೆ ಇರೋದಿಲ್ಲ. ಎಚ್ಚರಿಕೆ ಮಾತು ಒಂದೂ ಬರೋದಿಲ್ಲ. ಗೋವಂಡಿ ಕಡೆ ಟ್ಯಾಂಕರ್ ನೀರು ತಗೊಳ್ಳುವವರು ಖರ್ಚಿನ ಪ್ರಶ್ನೆಗೆ ಉತ್ತರ ಬಿಡೋದು ಜಾಸ್ತಿ ಅಂತಾದರೆ, ಅಲ್ಲಿನ ಬಾಡಿಗೆಯ ಸರಾಸರಿಯೂ ಓರೆಯಾಗುತ್ತದೆ. ಮುಂದೆ ಹೇಳುವ ಡೀಪ್ಲೈರ್ ಎಂಬ ಪ್ಯಾಕೇಜ್‌ನಲ್ಲಿ ಪ್ರತಿ ಕಾಲಂಗೂ ಬೇರೆ ಬೇರೆಯಾಗಿ ಬಿಟ್ಟ ಉತ್ತರಗಳನ್ನು ತೆಗೆಯಬಹುದು, ಹಾಗಾಗಿ ಈ ತೊಂದರೆ ಇಲ್ಲ. ಯಾವುದನ್ನು ಬಳಸಿದರೂ ಸರಿ, ಫೈಲ್‌ನಲ್ಲಿ ಪ್ರತಿ ಸರಾಸರಿ ಪಕ್ಕ ಎಷ್ಟು ಮನೆಗಳಿಂದ ಬಂತು ಎಂಬ ಕಾಲಂ ಇರಲಿ. ಅದಿಲ್ಲದ ಫೈಲನ್ನು ನಾನು ಕಳಿಸೋದಿಲ್ಲ.

ಬರೆಯೋದಕ್ಕೆ ಆರ್‌ನಲ್ಲಿ ಹಳೆಯದು ರೈಟ್ ಡಾಟ್ ಸಿಎಸ್‌ವಿ. ಇದಕ್ಕೆ ಹುಟ್ಟುಗುಣಗಳಿವೆ. ಹೇಳದಿದ್ದರೆ ಮೊದಲ ಕಾಲಂನಲ್ಲಿ 1, 2, 3 ಅಂತ ಸಾಲಿನ ನಂಬರ್ ಬರೆಯುತ್ತದೆ, ಆ ಕಾಲಂಗೆ ಹೆಸರೂ ಇರೋದಿಲ್ಲ. ಗಿರಾಕಿ ಅದನ್ನು ಕ್ರಮಸಂಖ್ಯೆ ಅಂದುಕೊಂಡು ವರದಿಯಲ್ಲಿ ಹಾಕಿಬಿಡುತ್ತಾರೆ. 'ರೋ ನೇಮ್ಸ್ ಬೇಡ' ಅಂತ ಪ್ರತಿ ಸಲ ಹೇಳಬೇಕು. ಇದ್ದ ಫೈಲ್‌ನ ಕೆಳಗೆ ಸೇರಿಸು ಅಂತ ಅಪೆಂಡ್ ಕೊಟ್ಟರೆ ಕೇಳೋದಿಲ್ಲ. ಒಂದು ಎಚ್ಚರಿಕೆ ಕೊಟ್ಟು, ಹಳೆಯದನ್ನು ಅಳಿಸಿ ಹೊಸದು ಬರೆಯುತ್ತದೆ. ಒಂದೊಂದೇ ವಾರ್ಡಿನ ಉತ್ತರವನ್ನು ಲೂಪ್‌ನಲ್ಲಿ (ಅದೇ ಹೆಜ್ಜೆಯನ್ನು ಮತ್ತೆ ಮತ್ತೆ ಮಾಡಿಸಿ) ಸೇರಿಸುತ್ತಾ ಹೋಗುವವರಿಗೆ ಕೊನೆಗೆ ಸಿಗೋದು ಪಟ್ಟಿಯ ಕೊನೆಯ ವಾರ್ಡ್ ಮುಲುಂಡ್ ಒಂದೇ. ಸೇರಿಸಲೇಬೇಕಿದ್ದರೆ ರೈಟ್ ಡಾಟ್ ಟೇಬಲ್‌ಗೆ ಹೋಗಬೇಕು, ಅಲ್ಲಿ ತಲೆಸಾಲು ಎರಡನೇ ಸಲ ಬರದ ಹಾಗೆ ನೀವೇ ನೋಡಿಕೊಳ್ಳಬೇಕು. ನಿಜ ಹೇಳಬೇಕಂದ್ರೆ ಲೂಪ್‌ನಲ್ಲಿ ಸೇರಿಸೋ ಅಗತ್ಯವೇ ಇಲ್ಲ. ಎಲ್ಲ ಗುಂಪಿನ ಉತ್ತರವೂ ಒಂದೇ ಟೇಬಲ್ ಆಗಲಿ, ಕೊನೆಗೆ ಒಂದೇ ಸಲ ಬರೆಯಿರಿ.

ಇನ್ನೊಂದು ಕಿರಿಕಿರಿ ನಮ್ಮೂರಿಗೇ ಹೇಳಿ ಮಾಡಿಸಿದ್ದು. ಮುಂಬೈಯಲ್ಲಿ ಡಿಪಾಸಿಟ್ ಅಂದರೆ ಸರಿಯಾಗಿ 1 ಲಕ್ಷ ಅನ್ನೋ ಮನೆಗಳು ಎಷ್ಟೋ. ಮೀಡಿಯನ್ ಕೂಡ ಎಷ್ಟೋ ವಾರ್ಡಿನಲ್ಲಿ ಸರಿಯಾಗಿ 1,00,000 ಬರುತ್ತದೆ. ಆರ್ ಅದನ್ನು ಫೈಲ್‌ಗೆ ಬರೆಯೋದು ಹೇಗೆ ಗೊತ್ತಾ? '1ಇ+05' ಅಂತ, ಅಂದರೆ 1ರ ಮುಂದೆ ಐದು ಸೊನ್ನೆ. 95,000 ಇದ್ದರೆ ನೆಟ್ಟಗೆ ಬರೆಯುತ್ತದೆ. 1 ಲಕ್ಷ ಆದರೆ ವಿಜ್ಞಾನಿ ಆಗಿಬಿಡುತ್ತದೆ. ಕಾರಣ ಸರಳ, ಯಾವ ರೂಪದಲ್ಲಿ ಅಕ್ಷರ ಕಡಿಮೆಯೋ ಅದನ್ನು ಆರಿಸುತ್ತದೆ. ಆರು ಅಂಕಿಗಿಂತ ಐದು ಅಕ್ಷರ ಚಿಕ್ಕದು. ಇದು ರೈಟ್ ಡಾಟ್ ಸಿಎಸ್‌ವಿ ಒಂದರ ಗುಣ ಅಲ್ಲ, ಡೇಟಾ ಟೇಬಲ್ ಎಂಬ ಪ್ಯಾಕೇಜಿನ ವೇಗದ ಎಫ್‌ರೈಟ್ ಕೂಡ ಹೀಗೇ ಮಾಡುತ್ತದೆ. 'ಸೈಪೆನ್' ಎಂಬ ಆಯ್ಕೆಗೆ ದೊಡ್ಡ ನಂಬರ್ ಕೊಟ್ಟರೆ ಎರಡೂ ನಿಲ್ಲಿಸುತ್ತವೆ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಅದನ್ನು ಹಾಕಿಡಿ. ಪೂರ್ಣಾಂಕವಾಗಿ ಬದಲಾಯಿಸಿ ಬರೆದರೂ ಸರಿಹೋಗುತ್ತದೆ.

ಈಗ ಡೀಪ್ಲೈರ್ ಮತ್ತು ರೀಡ್‌ಆರ್ ಜೋಡಿ, ಮೊದಲನೆಯದು ಲೆಕ್ಕಕ್ಕೆ, ಎರಡನೆಯದು ಫೈಲ್ ಓದಿ ಬರೆಯೋಕೆ. ದಿನದ ಕೆಲಸಕ್ಕೆ ನನ್ನ ಆಯ್ಕೆ ಇದೇ. ಗ್ರೂಪ್ ಬೈ, ಸಮರೈಸ್, ರೈಟ್ ಅಂಡರ್‌ಸ್ಕೋರ್ ಸಿಎಸ್‌ವಿ. ಮೂರು ಹೆಜ್ಜೆ. ಸಾಲಿನ ನಂಬರ್ ಬರೆಯೋದಿಲ್ಲ. ಅಪೆಂಡ್ ಅಂದರೆ ತಲೆಸಾಲನ್ನು ತಾನೇ ಬಿಡುತ್ತದೆ. ಒಂದೇ ಮನೆ ಸಿಕ್ಕ ಗುಂಪಿನಲ್ಲಿ ಎಸ್‌ಡಿ ಬರೋಕೆ ಸಾಧ್ಯ ಇಲ್ಲ, ಅಲ್ಲಿ ಎನ್‌ಎ, ಅಂದರೆ 'ಉತ್ತರ ಇಲ್ಲ', ಅಂತ ಬರೆಯುತ್ತದೆ. ಪುಣೆಯವರಿಗೆ ಆ ಎರಡು ಅಕ್ಷರ ನೋಡಿದರೆ ಗಾಬರಿ. ಖಾಲಿ ಬಿಡು ಅಂತ ಒಂದು ಮಾತು ಸೇರಿಸಿದರೆ ಆಯಿತು.

ಡೀಪ್ಲೈರ್ ಬಗ್ಗೆ ದೂರೂ ಇದೆ. ವಾರ್ಡ್ ಮತ್ತು ಮನೆಯ ವಿಧ, ಎರಡರಿಂದಲೂ ಗುಂಪು ಮಾಡಿ ಸಮರೈಸ್ ಕೊಟ್ಟರೆ ಅದು ಕೊನೆಯ ಗುಂಪನ್ನು ಮಾತ್ರ ಬಿಚ್ಚುತ್ತದೆ. ಉತ್ತರ ಇನ್ನೂ ವಾರ್ಡಿನಿಂದ ಗುಂಪಾಗಿಯೇ ಇರುತ್ತದೆ. ಅದರ ಮೇಲೆ ಶೇಕಡಾ ಲೆಕ್ಕ ಹಾಕಿದರೆ ಅದು ಇಡೀ ಮುಂಬೈಯ ಶೇಕಡಾ ಅಲ್ಲ, ಆ ವಾರ್ಡಿನೊಳಗಿನ ಶೇಕಡಾ. ಪರದೆಯಲ್ಲಿ ಮೇಲ್ಗಡೆ 'ಗ್ರೂಪ್ಸ್' ಅಂತ ಒಂದು ಸಣ್ಣ ಸಾಲು ಇರುತ್ತದೆ, ನೋಡಿದವರಿಗೆ ಗೊತ್ತಾಗುತ್ತದೆ. ಸಿಎಸ್‌ವಿಯಲ್ಲಿ ಆ ಗುರುತು ಉಳಿಯೋದೇ ಇಲ್ಲ. ಫೈಲ್ ತೆರೆದವರಿಗೆ 38 ಅಂತ ಕಂಡರೆ ಯಾವುದರ 38 ಅಂತ ಹೇಗೆ ತಿಳಿಯಬೇಕು? 2020ರ 1.0.0 ಆವೃತ್ತಿಯಿಂದ ಇದರ ಬಗ್ಗೆ ಒಂದು ಸೂಚನೆ ಬರುತ್ತದೆ. ಬಹಳ ಜನ ಅದನ್ನು ಕಿರಿಕಿರಿ ಅಂತ ಬಾಯಿ ಮುಚ್ಚಿಸುತ್ತಾರೆ. ನಾನಂತೂ 2023ರ 1.1.0ರಲ್ಲಿ ಬಂದ 'ಡಾಟ್ ಬೈ' ಬಳಸುತ್ತೇನೆ. ಲೆಕ್ಕ ಮುಗಿದ ಕೂಡಲೇ ಗುಂಪು ಪೂರ್ತಿ ಬಿಚ್ಚಿಕೊಳ್ಳುತ್ತದೆ. ಕಾಲಂಗೆ ಹೆಸರನ್ನೂ ಉದ್ದವಾಗಿಯೇ ಇಡುತ್ತೇನೆ, 'ವಾರ್ಡಿನೊಳಗೆ ಶೇಕಡಾ' ಅಂತ. ಚಿಕ್ಕ ಹೆಸರು ಇಟ್ಟು ಉಳಿಸೋದು ಏನೂ ಇಲ್ಲ.

ಸ್ಯಾಂಪಲ್ಲೇ ಸಿಗದ ವಾರ್ಡ್ ಕೂಡ ಡೀಪ್ಲೈರ್‌ನಲ್ಲಿ ಸದ್ದಿಲ್ಲದೆ ಮಾಯ. ವಾರ್ಡನ್ನು ಫ್ಯಾಕ್ಟರ್ (ಇರಬೇಕಾದ ಹೆಸರುಗಳ ಪಟ್ಟಿಯನ್ನು ಕ್ರಮವಾಗಿ ಹೊತ್ತ ಕಾಲಂ) ಮಾಡಿ, ಗ್ರೂಪ್ ಬೈನಲ್ಲಿ 'ಡ್ರಾಪ್ ಮಾಡಬೇಡ' ಅಂತ ಹೇಳಿದರೆ ಸೊನ್ನೆ ಎಣಿಕೆಯ ಸಾಲಾಗಿ ಬರುತ್ತದೆ. ಪಟ್ಟಿಯಲ್ಲಿ 24ರ ಬದಲು 23 ಸಾಲು ನೋಡಿ ಒಂದು ಕಡಿಮೆ ಇದೆ ಅಂತ ಕಂಡುಹಿಡಿಯುವ ಗಿರಾಕಿ ಇದ್ದಾರೆ, ಹಾಗೆ ಕಂಡುಹಿಡಿಯದವರು ಇನ್ನೂ ಜಾಸ್ತಿ.

ಇನ್ನು ಒಂದೊಂದು ವಾರ್ಡಿಗೂ ಒಂದೊಂದು ಫೈಲ್ ಬೇಕು ಅನ್ನೋ ಬೇಡಿಕೆ. ಇಲ್ಲಿಯೇ ಮುಂಬೈ ತನ್ನ ಬುದ್ಧಿ ತೋರಿಸುತ್ತದೆ. ನಾವು ಬಳಸುವ ಪಟ್ಟಿಯಲ್ಲಿ ಮಹಾನಗರಪಾಲಿಕೆಯ 24 ವಾರ್ಡ್‌ಗಳಿವೆ, ಎಲ್ಲಕ್ಕೂ ಇಂಗ್ಲಿಷ್ ಅಕ್ಷರದ ಹೆಸರು. ಕೊಲಾಬಾ ಕಡೆ ಎ, ಕುರ್ಲಾ ಎಲ್, ಮುಲುಂಡ್ ಟಿ. ಮಾಟುಂಗ ಬರೋದು ಎಫ್/ನಾರ್ತ್‌ನಲ್ಲಿ, ಧಾರಾವಿ ಜಿ/ನಾರ್ತ್‌ನಲ್ಲಿ, ಗೋವಂಡಿ ಎಂ/ಈಸ್ಟ್‌ನಲ್ಲಿ. ಆ ಓರೆಗೆರೆ ಕಂಡಿತಾ? ಫೈಲ್ ಹೆಸರಿನಲ್ಲಿ ಓರೆಗೆರೆ ಅಂದರೆ ಕಂಪ್ಯೂಟರ್‌ಗೆ ಫೋಲ್ಡರ್ ಅಂತ ಅರ್ಥ. ವಾರ್ಡ್‌ವಾರು ಸ್ಪ್ಲಿಟ್ ಮಾಡಿ (ಬೇರ್ಪಡಿಸಿ) ಒಂದೊಂದೇ ಬರೆಯೋಕೆ ಬಿಟ್ಟರೆ ಎ, ಬಿ, ಸಿ, ಡಿ, ಇ ಐದು ಫೈಲ್ ಠೀವಿಯಿಂದ ಬರುತ್ತವೆ. ಆರನೆಯದಕ್ಕೆ 'ಎಫ್' ಎಂಬ ಫೋಲ್ಡರ್ ಹುಡುಕಿ, ಸಿಗದೆ, ಅಲ್ಲಿಗೇ ನಿಲ್ಲುತ್ತದೆ. ಫೋಲ್ಡರ್ ತೆರೆದು ನೋಡಿದವರಿಗೆ ಐದು ಫೈಲ್ ಇದೆ, ಕೆಲಸ ಆದ ಹಾಗೇ ಕಾಣುತ್ತದೆ. ಯಾವ ಪ್ಯಾಕೇಜೂ ಈ ಓರೆಗೆರೆಯನ್ನು ತಾನಾಗಿ ಡ್ಯಾಶ್ ಮಾಡಿಕೊಡೋದಿಲ್ಲ. ಜಿ-ಸಬ್ ಎಂಬ ಫಂಕ್ಷನ್‌ನಿಂದ ಬದಲಾಯಿಸೋದು ಒಂದು ಸಾಲಿನ ಕೆಲಸ, ಆದರೆ ನೀವೇ ಮಾಡಬೇಕು. ಆಮೇಲೆ ಫೈಲ್‌ಗಳನ್ನು ಎಣಿಸಿ 24 ಇದೆಯಾ ಅಂತ ಸ್ಕ್ರಿಪ್ಟಿನಲ್ಲೇ ಕೇಳಿ.

ಈ ಕೆಲಸಕ್ಕೆ ಡೀಪ್ಲೈರ್‌ನಲ್ಲಿ ಗ್ರೂಪ್ ವಾಕ್ ಅಂತ ಇದೆ. ಪ್ರತಿ ಗುಂಪನ್ನೂ ಒಂದು ಫಂಕ್ಷನ್‌ಗೆ ಕೊಡುತ್ತದೆ, ಗುಂಪಿನ ಹೆಸರನ್ನು ಬೇರೆಯಾಗಿ ಕೊಡುತ್ತದೆ. ಸೊಗಸಾಗಿದೆ. ಆದರೆ ಹೇಳದಿದ್ದರೆ ಒಳಗಿನ ಟೇಬಲ್‌ನಿಂದ ವಾರ್ಡ್ ಕಾಲಂ ಕಿತ್ತುಹಾಕುತ್ತದೆ. ವಾರ್ಡಿನ ಹೆಸರು ಫೈಲ್‌ನ ಹೆಸರಲ್ಲಿ ಮಾತ್ರ ಉಳಿಯುತ್ತದೆ. ಪುಣೆಯಲ್ಲಿ ಯಾರೋ ಅದನ್ನು 'ಹೊಸದು 2' ಅಂತ ಹೆಸರು ಬದಲಾಯಿಸಿ ಇಟ್ಟರೆ ಅದು ಯಾವ ವಾರ್ಡಿನದು ಅಂತ ದೇವರಿಗೇ ಗೊತ್ತು. 'ಕೀಪ್' ಅಂತ ಕೊಟ್ಟರೆ ಕಾಲಂ ಉಳಿಯುತ್ತದೆ. ಡೇಟಾ ಟೇಬಲ್ ಪ್ಯಾಕೇಜಿನಲ್ಲೂ ಇದೇ ಕಥೆ, ಗುಂಪಿನ ಒಳಗಿನ ಭಾಗದಲ್ಲಿ ಗುಂಪಿನ ಕಾಲಂ ಇರೋದಿಲ್ಲ.

ಕಾಲಂ ಉಳಿಸಿಕೊಂಡರೂ ಮುಲುಂಡ್‌ಗೆ ಇನ್ನೊಂದು ಗ್ರಹಚಾರ ಇದೆ. ಟಿ ವಾರ್ಡಿನ ಫೈಲ್‌ನಲ್ಲಿ ವಾರ್ಡ್ ಕಾಲಂ ತುಂಬಾ ಬರೀ ಇಂಗ್ಲಿಷಿನ ಟಿ ಅಕ್ಷರ. ಅದನ್ನು ಆರ್‌ನಲ್ಲಿ ಮತ್ತೆ ಓದಿದರೆ, ಟಿ ಅಂದರೆ 'ಟ್ರೂ' ಅಂತ ತಿಳಿದು ಇಡೀ ಕಾಲಂ ಹೌದು-ಅಲ್ಲ ಜಾತಿಗೆ ಬದಲಾಗುತ್ತದೆ. ರೀಡ್ ಡಾಟ್ ಸಿಎಸ್‌ವಿಯೂ ಹೀಗೇ, ರೀಡ್‌ಆರ್‌ನ ಅಂಡರ್‌ಸ್ಕೋರ್ ಇರೋದೂ ಹೀಗೇ. 24 ವಾರ್ಡ್ ಒಂದೇ ಫೈಲ್‌ನಲ್ಲಿದ್ದಾಗ ಹೀಗಾಗೋದಿಲ್ಲ, ಪಕ್ಕದಲ್ಲಿ ಬೇರೆ ಅಕ್ಷರಗಳು ಇರುವುದರಿಂದ ಅದು ಪದ ಅಂತ ಗೊತ್ತಾಗುತ್ತದೆ. ಬೇರೆ ಬೇರೆ ಫೈಲ್ ಮಾಡಿದಾಗ ಮಾತ್ರ ಬರುವ ತೊಂದರೆ ಇದು. ಓದುವಾಗ ಈ ಕಾಲಂ ಅಕ್ಷರ ಅಂತ ಹೇಳಿ ಓದಿದರೆ ಮುಗಿಯಿತು.

ಡೇಟಾ ಟೇಬಲ್ ಪ್ಯಾಕೇಜಿಗೆ ಬಂದರೆ, ಅದರ ಎಫ್‌ರೈಟ್ ಬಹಳ ವೇಗ. ಪ್ರೊಸೆಸರ್‌ನ ಹಲವು ಕೋರ್‌ಗಳನ್ನು ಒಟ್ಟಿಗೆ ದುಡಿಸುತ್ತದೆ. ಎನ್‌ಎ ಇದ್ದಲ್ಲಿ ತಾನಾಗಿ ಖಾಲಿ ಬಿಡುತ್ತದೆ, ಅದು ನನಗೆ ಇಷ್ಟ. ಆದರೆ ಗುಂಪಿನ ಸಾರಾಂಶ ಅಂದರೆ ಕೊನೆಗೆ ಎಷ್ಟು ಸಾಲು? ವಾರ್ಡ್ ಇಂಟು ಮನೆ ವಿಧ, ನೂರೋ ನೂರೈವತ್ತೋ. ಅದಕ್ಕೆ ಈ ವೇಗ ಯಾಕೆ? ಮೂಲ ಡೇಟಾ ದೊಡ್ಡದಿದ್ದವರು ಇಟ್ಟುಕೊಳ್ಳಲಿ. ಅದರ ಬರೆಯುವ ಶೈಲಿ ಬಹಳ ಬಿಗಿ, ಆರು ತಿಂಗಳ ಮೇಲೆ ಬರೆದವರಿಗೇ ಓದೋಕೆ ಕಷ್ಟ.

ಕನ್ನಡದ ವಿಷಯ. ನಮ್ಮ ಸಂಘದ ಫೈಲ್‌ನಲ್ಲಿ ತಲೆಸಾಲು 'ಬಡಾವಣೆ', 'ಮಕ್ಕಳ ಸಂಖ್ಯೆ', 'ಸರಾಸರಿ ಸಹಾಯ' ಅಂತ. ಮಾಮೂಲಿ ಸಿಎಸ್‌ವಿ ಬರೆದು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಕನ್ನಡ ಇರೋದಿಲ್ಲ. ತಲೆ ಮೇಲೆ ಗೆರೆ ಇರುವ ಇಂಗ್ಲಿಷ್ ಎ ಅಕ್ಷರಗಳ ಸಾಲು ಕಾಣುತ್ತದೆ. ಎಲ್ಲ ಭಾಷೆಯ ಅಕ್ಷರಗಳನ್ನೂ ಕಂಪ್ಯೂಟರ್‌ನಲ್ಲಿ ಬರೆದಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ 3 ಬೈಟ್ ಬೇಕು, ಅದರಲ್ಲಿ ಮೊದಲ ಬೈಟ್ ಎಲ್ಲ ಕನ್ನಡ ಅಕ್ಷರಕ್ಕೂ ಒಂದೇ. ಎಕ್ಸೆಲ್ ಅದನ್ನು ಯುರೋಪಿನ ಹಳೆಯ ಅಕ್ಷರಕೋಶ ಅಂತ ಊಹಿಸಿದಾಗ ಆ ಮೊದಲ ಬೈಟ್ ಗೆರೆ ಹೊತ್ತ ಎ ಆಗುತ್ತದೆ. ಅದಕ್ಕೇ ಮತ್ತೆ ಮತ್ತೆ ಅದೇ ಅಕ್ಷರ. ಫೈಲ್ ಕೆಟ್ಟಿರೋದಿಲ್ಲ, ಗೂಗಲ್ ಶೀಟ್ಸ್‌ನಲ್ಲಿ ತೆರೆದರೆ ಕನ್ನಡ ಸರಿಯಾಗಿಯೇ ಇರುತ್ತದೆ. ರೀಡ್‌ಆರ್‌ನಲ್ಲಿ ಇದಕ್ಕೆಂದೇ 'ರೈಟ್ ಎಕ್ಸೆಲ್ ಸಿಎಸ್‌ವಿ' ಅಂತ ಒಂದು ಫಂಕ್ಷನ್ ಇದೆ. ಫೈಲ್‌ನ ಆರಂಭದಲ್ಲಿ ಬಿಒಎಂ ಎಂಬ 3 ಬೈಟಿನ ಗುರುತು ಹಾಕುತ್ತದೆ, ಎಕ್ಸೆಲ್ ಅದನ್ನು ನೋಡಿ ಸರಿಯಾಗಿ ಓದುತ್ತದೆ. ಎಫ್‌ರೈಟ್‌ನಲ್ಲೂ ಬಿಒಎಂ ಆಯ್ಕೆ ಇದೆ. ನನ್ನ ಕೇಳಿದರೆ ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ಒಂದು ಫಂಕ್ಷನ್‌ಗಾಗಿಯೇ ರೀಡ್‌ಆರ್ ಇಳಿಸಿಕೊಳ್ಳಬಹುದು.

ವಿಂಡೋಸ್‌ನಲ್ಲಿ ಹಳೆಯ ಆರ್ ಇಟ್ಟುಕೊಂಡಿರುವವರಿಗೆ ಒಂದು ಮಾತು. 2022ರ ಏಪ್ರಿಲ್‌ನಲ್ಲಿ ಬಂದ 4.2.0ಕ್ಕೆ ಮುಂಚೆ ವಿಂಡೋಸ್‌ನ ಆರ್‌ಗೆ ಯುಟಿಎಫ್-8 ಸ್ವಂತ ಭಾಷೆ ಆಗಿರಲಿಲ್ಲ. 'ಕ' ಅಕ್ಷರದ ಜಾಗದಲ್ಲಿ ಯು+0ಸಿ95 ಎಂಬ ಸಂಕೇತ ಬಂದು ಕೂರುತ್ತಿತ್ತು, ಫೈಲ್‌ನ ಒಳಗೂ ಅದೇ. ಹೊಸ ಆವೃತ್ತಿ ಹಾಕಿ. ಇಷ್ಟು ಸುಲಭದ ಪರಿಹಾರ ಇರುವಾಗ ಎನ್‌ಕೋಡಿಂಗ್ ಜೊತೆ ಗುದ್ದಾಡೋದು ಬೇಡ.

ಸಿಎಸ್‌ವಿಯ ದೊಡ್ಡ ದೋಷ ಆರ್‌ನದಲ್ಲ, ತೆರೆಯುವ ಕಡೆಯದು. ಮನೆಯಲ್ಲಿ ಎಷ್ಟು ಜನ ಅನ್ನೋದನ್ನು ನಾವು '1-2', '3-4', '5-6' ಅಂತ ಗುಂಪು ಮಾಡುತ್ತೇವೆ. ಎಕ್ಸೆಲ್‌ಗೆ ಇದು ತಾರೀಕು. '3-4' ಅನ್ನೋದು ಏಪ್ರಿಲ್ 3 ಆಗುತ್ತದೆ, ಕಂಪ್ಯೂಟರ್‌ನ ಸೆಟ್ಟಿಂಗ್ ಬೇರೆ ಇದ್ದರೆ ಮಾರ್ಚ್ 4. ಉದ್ಧರಣ ಚಿಹ್ನೆ ಹಾಕಿ ಬರೆದರೂ ಕೇಳೋದಿಲ್ಲ. ವಿಜ್ಞಾನಿಗಳೂ ಇದರ ಮುಂದೆ ಸೋತಿದ್ದಾರೆ. ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ 'ಮಾರ್ಚ್1', 'ಸೆಪ್ಟ್1' ಥರದ ಹೆಸರುಗಳನ್ನು 'ಮಾರ್ಚ್‌ಎಫ್1', 'ಸೆಪ್ಟಿನ್1' ಅಂತ ಬದಲಾಯಿಸಿ 2020ರಲ್ಲಿ ಹೊಸ ನಿಯಮವನ್ನೇ ಪ್ರಕಟಿಸಿತು. ಎಕ್ಸೆಲ್ ತಾರೀಕು ಮಾಡುತ್ತದೆ ಅನ್ನೋದು ಒಂದು ಕಾರಣ. ಜೀನ್‌ಗೇ ಹೆಸರು ಬದಲಾಯಿಸಿದವರ ಮುಂದೆ ನಾವು '3-4'ನ್ನು '3ರಿಂದ 4' ಅಂತ ಬರೆಯೋದು ಏನು ಮಹಾ.

ಆದರೆ ಅದಕ್ಕಿಂತ ಒಳ್ಳೆಯ ದಾರಿ ರೈಟ್‌ಎಕ್ಸ್‌ಎಲ್ ಪ್ಯಾಕೇಜ್. ಪುಣೆಗೆ ಹೋಗುವ ಫೈಲ್‌ಗಳೆಲ್ಲ ಈಗ ಇದರಲ್ಲೇ. ನೇರವಾಗಿ ಎಕ್ಸೆಲ್ ಫೈಲ್ ಬರೆಯುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲಿ ಎಕ್ಸೆಲ್ ಇರಬೇಕಿಲ್ಲ, ಜಾವಾ ಬೇಕಿಲ್ಲ. ಮೊದಲೆಲ್ಲ ಈ ಕೆಲಸಕ್ಕೆ ಇದ್ದ ಎಕ್ಸ್‌ಎಲ್‌ಎಸ್‌ಎಕ್ಸ್ ಎಂಬ ಪ್ಯಾಕೇಜ್‌ಗೆ ಜಾವಾ ಕೂರಿಸೋದೇ ಒಂದು ಅಧ್ಯಾಯ. ಇಲ್ಲಿ ಪ್ರತಿ ಖಾನೆಗೂ ಅದು ಅಕ್ಷರವೋ ಸಂಖ್ಯೆಯೋ ಅಂತ ಫೈಲ್‌ನೊಳಗೇ ಬರೆದಿರುತ್ತದೆ, ಹಾಗಾಗಿ '3-4' ಹಾಗೇ ಉಳಿಯುತ್ತದೆ. ಕನ್ನಡ ಉಳಿಯುತ್ತದೆ. ಬಿಒಎಂ ತಲೆನೋವೂ ಇಲ್ಲ. ಸ್ಪ್ಲಿಟ್ ಮಾಡಿದ ಲಿಸ್ಟನ್ನು ಹಾಗೇ ಕೊಟ್ಟರೆ ಒಂದು ವಾರ್ಡಿಗೆ ಒಂದು ಶೀಟ್ ಮಾಡಿಕೊಡುತ್ತದೆ. 24 ಫೈಲ್ ಮೇಲ್ ಮಾಡೋ ಬದಲು ಒಂದು ಫೈಲ್, 24 ಶೀಟ್. ಶೀಟ್ ಹೆಸರು 31 ಅಕ್ಷರ ಮೀರಬಾರದು, ಓರೆಗೆರೆ ಇಲ್ಲೂ ಕೂಡದು. ಇವು ಎಕ್ಸೆಲ್‌ನ ಕಾನೂನು. ಆ ಎಫ್/ನಾರ್ತ್ ಇಲ್ಲೂ ಬಿಡೋದಿಲ್ಲ ನೋಡಿ. ಬಣ್ಣ, ಕಾಲಂ ಅಗಲ ಇವೆಲ್ಲ ನಿಮ್ಮ ಇಷ್ಟದಂತೆ ಬೇಕಿದ್ದರೆ ಓಪನ್‌ಎಕ್ಸ್‌ಎಲ್‌ಎಸ್‌ಎಕ್ಸ್ ಪ್ಯಾಕೇಜ್‌ಗೆ ಹೋಗಬೇಕು. ಅದರಲ್ಲಿ ಎಲ್ಲ ಆಗುತ್ತದೆ, ಆದರೆ ಲೆಕ್ಕದ ಕೋಡ್ ಹತ್ತು ಸಾಲಾದರೆ ಬಣ್ಣದ ಕೋಡ್ ನಲವತ್ತು ಸಾಲು. ಬಾಸ್ ಕೇಳಿದಾಗ ಮಾತ್ರ.

ಪೈಥಾನ್‌ನಲ್ಲಿ ಇದೇ ಕೆಲಸ ಮಾಡುವ ಪಾಂಡಾಸ್ ಬಗ್ಗೆ ನಾನು ಅಂಕ ಕೊಡೋದಿಲ್ಲ, ದಿನಾ ಬಳಸೋದು ಪಕ್ಕದ ಮೇಜಿನವನು. ಆದರೆ ಅವನ ಫೈಲ್ ನನಗೆ ಬರುತ್ತದಲ್ಲ, ತೆರೆಯುವವಳಾಗಿ ಹೇಳಬಹುದು. ಅಲ್ಲಿಯೂ ಹೇಳದಿದ್ದರೆ ಇಂಡೆಕ್ಸ್ ಕಾಲಂ, ಅಂದರೆ ಸಾಲಿನ ಗುರುತಿನ ಕಾಲಂ, ಬರುತ್ತದೆ. ಗುಂಪು ಮಾಡಿದಾಗ ಆ ಇಂಡೆಕ್ಸ್‌ನಲ್ಲೇ ವಾರ್ಡ್ ಹೆಸರು ಇರುವುದರಿಂದ, ಅಭ್ಯಾಸಬಲದಲ್ಲಿ ಇಂಡೆಕ್ಸ್ ಬೇಡ ಅಂದರೆ ವಾರ್ಡ್ ಹೆಸರೇ ಹೋಗುತ್ತದೆ. ಆರ್‌ಗೆ ಸರಿ ಉಲ್ಟಾ. ಬಾಡಿಗೆಗೆ ಸರಾಸರಿ, ಎಸ್‌ಡಿ ಎರಡೂ ಲಿಸ್ಟಾಗಿ ಕೇಳಿದರೆ ತಲೆಸಾಲು ಎರಡು ಮಹಡಿ ಆಗುತ್ತದೆ, ಅದನ್ನು ಆರ್‌ನಲ್ಲಿ ಓದಿದರೆ ಎರಡನೇ ಮಹಡಿ ಡೇಟಾ ಆಗಿ ಕೂತು ಎಲ್ಲ ಸಂಖ್ಯೆಯೂ ಅಕ್ಷರವಾಗುತ್ತದೆ. ಕಾಲಂಗೆ ಹೆಸರಿಟ್ಟು ಲೆಕ್ಕ ಕೇಳುವ ಸೌಲಭ್ಯ 2019ರ 0.25 ಆವೃತ್ತಿಯಲ್ಲೇ ಬಂದಿದೆ. ಅದನ್ನೇ ಬಳಸು ಮಾರಾಯ ಅಂತ ನಾನು ಹೇಳುತ್ತಲೇ ಇರುತ್ತೇನೆ. ವಾರ್ಡ್ ಬರೆಯದೆ ಬಿಟ್ಟ ಮನೆಗಳನ್ನು ಪಾಂಡಾಸ್ ತಾನಾಗಿ ಕೈಬಿಡುತ್ತದೆ, ಡೀಪ್ಲೈರ್ ಎನ್‌ಎ ಎಂಬ ಒಂದು ಗುಂಪು ಮಾಡಿ ಉಳಿಸುತ್ತದೆ. ನಮ್ಮಿಬ್ಬರ ಒಟ್ಟು ತಾಳೆಯಾಗದಿದ್ದರೆ ಮೊದಲು ನೋಡೋದು ಇದನ್ನೇ. ಡೀಪ್ಲೈರ್‌ನ ನಡತೆಯೇ ನನಗೆ ಹಿತ. ಕಾಣೆಯಾದವರು ಕಾಣಿಸಬೇಕು.

ತೂಕ ಹಾಕಿದ ಸ್ಯಾಂಪಲ್ (ಒಂದು ಮನೆ ಎಷ್ಟು ಮನೆಗಳ ಪರವಾಗಿ ನಿಲ್ಲುತ್ತದೆ ಅಂತ ತೂಕ ಕೊಟ್ಟದ್ದು) ಇರುವವರು ಇಷ್ಟೆಲ್ಲ ಮಾಡಬೇಕಿಲ್ಲ. ಥಾಮಸ್ ಲಮ್ಲಿ ಬರೆದ ಸರ್ವೇ ಪ್ಯಾಕೇಜಿನ 'ಎಸ್‌ವಿವೈ ಬೈ' ಫಂಕ್ಷನ್ ಗುಂಪುವಾರು ಅಂದಾಜನ್ನೂ ಅದರ ಪಕ್ಕದಲ್ಲೇ ಸ್ಟ್ಯಾಂಡರ್ಡ್ ಎರರನ್ನೂ (ಅಂದಾಜು ಎಷ್ಟು ಅತ್ತಿತ್ತ ಆಗಬಹುದು ಎಂಬ ಅಳತೆ) ಡೇಟಾ ಫ್ರೇಮ್ ಆಗಿಯೇ ಕೊಡುತ್ತದೆ. ನೇರ ಫೈಲ್‌ಗೆ ಬರೆಯಬಹುದು. ಪರದೆಗೆ ಚೆಂದ ಕಾಣೋದನ್ನೂ ಫೈಲ್‌ಗೆ ಸರಿಹೋಗೋದನ್ನೂ ಒಟ್ಟಿಗೆ ಯೋಚಿಸಿದವರು ಅಪರೂಪ.

ಸರಾಸರಿಯನ್ನು ಫೈಲ್‌ಗೆ ಹಾಕುವಾಗ ದುಂಡಾಗಿಸಬೇಕಾ ಅಂತ ಕೇಳುತ್ತಾರೆ. ರೈಟ್ ಡಾಟ್ ಸಿಎಸ್‌ವಿ 15 ಅಂಕಿವರೆಗೆ ಬರೆಯುತ್ತದೆ, ಬಾಡಿಗೆ 12433.3333333333 ಅಂತ ಕಾಣುತ್ತದೆ. ಪುಣೆಗೆ ಹೋಗುವುದನ್ನು ರೂಪಾಯಿಗೆ ದುಂಡಾಗಿಸಿ ಕೊಡಿ. ಪಕ್ಕದ ಮೇಜಿಗೆ ಹೋಗುವುದನ್ನು ಮುಟ್ಟಬೇಡಿ. ನನಗೇ ಮತ್ತೆ ಬೇಕಾಗುವುದನ್ನು ಸೇವ್ ಆರ್‌ಡಿಎಸ್ ಮಾಡಿ, ಅಂದರೆ ಆರ್‌ನದ್ದೇ ಫೈಲ್ ರೂಪದಲ್ಲಿ, ಇಡುತ್ತೇನೆ. ಸಿಎಸ್‌ವಿಯಲ್ಲಿ ಕಳೆದುಹೋಗುವ ಫ್ಯಾಕ್ಟರ್‌ನ ಕ್ರಮ ಅದರಲ್ಲಿ ಉಳಿಯುತ್ತದೆ. 'ಒಂದು ಕೋಣೆ, ಒಂದು ಬಿಎಚ್‌ಕೆ, ಎರಡು ಬಿಎಚ್‌ಕೆ' ಎಂಬ ಸಾಲು ಅಕ್ಷರಕ್ರಮಕ್ಕೆ ತಿರುಗಿ ಎರಡು ಬಿಎಚ್‌ಕೆ ಮೊದಲು ಬರೋದಿಲ್ಲ. ಟಿ ವಾರ್ಡ್ ಟಿ ಆಗಿಯೇ ಇರುತ್ತದೆ. ಆರ್ ಬಿಟ್ಟು ಬೇರೆಯವರು ಅದನ್ನು ತೆರೆಯೋದು ಸುಲಭ ಅಲ್ಲ, ಹಾಗಾಗಿ ಯಾರಿಗೂ ಕಳಿಸಬೇಡಿ. ಗಿರಾಕಿ ಫೋನ್ ಮಾಡಿ ಎಂ/ಈಸ್ಟ್‌ನ ಮೀಡಿಯನ್ ಮತ್ತೆ ಕೇಳಿದರೆ, ಎಕ್ಸೆಲ್ ಬಿಟ್ಟು ಈ ಫೈಲನ್ನು ತೆರೆದು ಹೇಳಿ.